ನಂಬರು ತಾಳೆಯಾಗದ ಮೋಟಾರ್ ಸೈಕಲ್ಲು

ಮೋಟಾರ್ ಸೈಕಲ್ಲಿಗೆ ಹುಟ್ಟುವಾಗಲೇ ಎರಡು ನಂಬರು ಬಿದ್ದಿರುತ್ತವೆ, ಒಂದು ಎಂಜಿನ್ನಿಗೆ, ಇನ್ನೊಂದು ಚಾಸಿಗೆ ಅಂದರೆ ಗಾಡಿಯ ಚೌಕಟ್ಟಿಗೆ ಎಂಬುದು ನಲವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇದು ತಿಳಿಯದಿದ್ದರೆ ಲೋಕಕ್ಕೇನೂ ನಷ್ಟವಿಲ್ಲ. ತಿಳಿದ ಮೇಲೆ ನನ್ನ ನೆಮ್ಮದಿ ಮಾತ್ರ ಕೆಟ್ಟಿತು.

ನಮ್ಮ ತಂದೆ ದನದ ಡಾಕ್ಟರಾಗಿದ್ದವರು. ಕಾಡಂಚಿನ ಪುಣಜನೂರಿನವರೆಗೂ ಹಳ್ಳಿ ಹಳ್ಳಿ ಸುತ್ತಿದ್ದ ಅವರ ಎರಡು ಸೈಲೆನ್ಸರಿನ ಗಾಡಿ, ಅವರು ತೀರಿಕೊಂಡ ಮೇಲೆ ಚಾಮರಾಜನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿತ್ತು. ಹಳೆಯ ಗಾಡಿಗಳಿಗೆ ಆಗತಾನೇ ಬೇಡಿಕೆ ಬಂದಿತ್ತು. ಮೈಸೂರಿನ ಸಂಗ್ರಹಕಾರರೊಬ್ಬರು ಹುಡುಕಿಕೊಂಡು ಬಂದರು. ಬಣ್ಣ, ದೀಪ, ಸೀಟು ಯಾವುದನ್ನೂ ಅವರು ಹೆಚ್ಚು ನೋಡಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಎಂಜಿನ್ನು ಒರೆಸಿ, ಟಾರ್ಚು ಬಿಟ್ಟು, ನಂಬರನ್ನು ಆರ್.ಸಿ. ಪುಸ್ತಕದೊಂದಿಗೆ ಹೋಲಿಸಿದರು. ಮುಖ ಸಪ್ಪಗಾಯಿತು.

"ಚಾಸಿ ಸರಿಯಾಗಿದೆ ಸಾರ್. ಎಂಜಿನ್ ಈ ಗಾಡೀದಲ್ಲ. ಬೇಜಾರು ಮಾಡ್ಕೋಬೇಡಿ, ಆ ಕಾಲದಲ್ಲಿ ಕಳವಿನ ಎಂಜಿನ್ನೂ ಓಡಾಡ್ತಿತ್ತು."

ಪರಕಾಯ ಪ್ರವೇಶದ ಕಥೆಗಳನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಯೋಗಿಯೊಬ್ಬ ಸತ್ತ ರಾಜನ ದೇಹ ಹೊಕ್ಕು ರಾಜ್ಯವಾಳುತ್ತಾನೆ. ಆಗ ಸಿಂಹಾಸನದ ಮೇಲಿರುವವನು ರಾಜನೋ ಯೋಗಿಯೋ ಎಂದು ಮಕ್ಕಳನ್ನು ಕೇಳಿ, ಉತ್ತರ ನನಗೂ ತಿಳಿಯದ್ದರಿಂದ ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದೆ. ನಮ್ಮ ಶೆಡ್ಡಿನಲ್ಲೇ ಅಂಥದೊಂದು ನಡೆದಿದೆಯೆಂದು ಯಾರು ಊಹಿಸಿದ್ದರು? ಬೆಲೆ ಬಿದ್ದುಹೋದದ್ದಕ್ಕಿಂತ 'ಕಳವು' ಎಂಬ ಮಾತು ಚುಚ್ಚಿತು. ರೈತರು ಕೊಟ್ಟ ಬಾಳೆಗೊನೆಯನ್ನೂ ಬೇಡವೆಂದು ಹಿಂದಿರುಗಿಸುತ್ತಿದ್ದ ಮನುಷ್ಯ ಅವರು.

ಅಮ್ಮನನ್ನು ಕೇಳಿದೆ. "ಎಂಜಿನ್ ವಿಚಾರ ನಂಗೇನು ಗೊತ್ತು? ಹರದನಹಳ್ಳಿ ನಂಜುಂಡಪ್ಪನ್ನ ಕೇಳು. ಅವ್ರಿಬ್ರದೂ ಒಂದೇ ಥರದ ಗಾಡಿ" ಎಂದಳು. ನಂಜುಂಡಪ್ಪ ತಂದೆಯ ಜೀವದ ಗೆಳೆಯ. ಭಾನುವಾರ ಬಸ್ಸು ಹತ್ತಿದೆ.

ಜಗಲಿಯ ಮೇಲೆ ಅರಿಸಿನ ಒಣಹಾಕುತ್ತಿದ್ದ ನಂಜುಂಡಪ್ಪ ನನ್ನ ಮಾತು ಕೇಳಿ ಕೆಂಡವಾದರು. "ಕದ್ದಿದ್ದಾ? ನಿಮ್ಮಪ್ಪಾರಾ? ಯಾವನ್ಲಾ ಅವ್ನು ಅಂದೋನು?" ಆಮೇಲೆ ಒಳಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅದು ನನ್ನ ಎಂಜಿನ್ ಕಣಪ್ಪ. ನಿಮ್ಮಪ್ಪಾರ್ದು ನನ್ ಗಾಡೀಲದೆ. ಮೆಲ್ಲಗೆ ಮಾತಾಡು, ನಮ್ಮೋಳಿಗೆ ಗೊತ್ತಿಲ್ಲ."

ನಡೆದದ್ದು ಇಷ್ಟು. ನಂಜುಂಡಪ್ಪನವರಿಗೆ ಗಾಡಿ ಕೊಡಿಸಿದ್ದು ಗುಂಡ್ಲುಪೇಟೆಯ ಮಾವ, ಮದುವೆಯ ಉಡುಗೊರೆಯಾಗಿ. ಆ ಗಾಡಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಹೊಸ ಅಳಿಯ ಬೆರೆಸಲಿಲ್ಲ. ಮೊದಲ ದೀಪಾವಳಿ ಹತ್ತಿರ ಬಂದಾಗ ಪಿಸ್ಟನ್ ಹಿಡಿದುಕೊಂಡು ಗಾಡಿ ನಿಂತುಬಿಟ್ಟಿತು. ರಿಪೇರಿ ಹಬ್ಬದೊಳಗೆ ಆಗುವಂತಿರಲಿಲ್ಲ.

"ಹಬ್ಬಕ್ಕೆ ಅತ್ತೆಮನೆಗೆ ಮಾವ ಕೊಟ್ಟ ಗಾಡೀಲೇ ಓಗ್ಬೇಕಿತ್ತು. ಬಸ್ಸಲ್ಲಿ ಓದ್ರೆ ಮರ್ಯಾದೆ ಉಳೀತದಾ? ನಿಮ್ಮಪ್ಪಾರು ತಮ್ಮ ಎಂಜಿನ್ನೇ ಬಿಚ್ಚಿಸಿ ನನ್ನ ಗಾಡಿಗೆ ಕೂರಿಸ್ಬುಟ್ರು. ಆಮೇಲೆ ನಂದು ರಿಪೇರಿಯಾಗಿ ಬಂದದ್ದ ಅವ್ರು ಹಾಕ್ಕೊಂಡ್ರು. ಬದಲಾಯಿಸ್ಕೊಳನ ಬುದ್ಧಿ ಅಂತ ನಾನಂದ್ರೆ, ಓಡ್ತಾ ಅದಲ್ಲ ಬುಡು ಅನ್ನೋರು. ಇಬ್ರಿಗೂ ಅಭ್ಯಾಸ ಆಗೋಯ್ತು."

ನನ್ನ ಎದೆ ಹಗುರಾಯಿತು. ಹಿಂದಿನಿಂದ ಬಳೆಯ ಸದ್ದು ಕೇಳಿತು. ಅವರ ಹೆಂಡತಿ ಗೌರಮ್ಮ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಗೊತ್ತಿಲ್ಲ ಅಂದ್ಕೊಂಡಿದ್ರಾ?" ಎಂದರು ಗಂಡನಿಗೆ. "ಆವತ್ತೇ ನಮ್ಮಪ್ಪ ಕಂಡುಬುಟ್ಟಿದ್ರು. ಗಾಡಿ ಮಿರಮಿರ ಅಂತದೆ, ಎಂಜಿನ್ ಮಾತ್ರ ಕಾಡು ಸುತ್ತಿ ಬಂದಂಗದೆ ಅಂದ್ರು. ಯಾರ್ದು ಅಂತ ಆಮೇಲೆ ವಿಚಾರಿಸ್ಕೊಂಡ್ರು."

ನಂಜುಂಡಪ್ಪ ಅರಿಸಿನದ ಕೈಯನ್ನೇ ಹಣೆಗಿಟ್ಟುಕೊಂಡರು. "ಮತ್ತೆ ಬಯ್ಯಲಿಲ್ವಲ್ಲಮ್ಮಿ ನಿಮ್ಮಪ್ಪ?"

"ಯಾಕೆ ಬಯ್ತಾರೆ? ನಿನ್ನ ಗಂಡನ್ಗೆ ಗಾಡಿ ಮಡಿಕ್ಕೊಳಕೆ ಬರಲ್ಲ ಕಣವ್ವ, ಆದ್ರೆ ಎಂಜಿನ್ ಬಿಚ್ಚಿ ಕೊಡೋ ಗೆಣೆಕಾರ ಅವ್ನೆ. ಅಂಥವ್ರ ಸಂಪಾದ್ಸಿರೋನು ಕೆಟ್ಟೋನಾಗಿರಲ್ಲ, ಹೆದರ್ಬೇಡ, ಸಂಸಾರ ಮಾಡು ಅಂದ್ರು. ಅದ್ಕೇ ಮಾಡ್ತಾ ಇವ್ನಿ."

ನಂಜುಂಡಪ್ಪ ಕಾಫಿ ಲೋಟ ತೆಗೆದುಕೊಂಡು ಆಚೆ ತಿರುಗಿ ಕೂತರು. ಮೂಗೊರೆಸಿಕೊಂಡು, "ನಾಳೇನೆ ಬಿಚ್ಚಿಸ್ತೀನಿ, ನಿಮ್ಮಪ್ಪಾರ ಎಂಜಿನ್ ತಕ್ಕೊಂಡೋಗು ಮಗ" ಎಂದರು. ಹೊಲಕ್ಕೆ ಹೋಗಿಬರಲು ಅವರಿಗಿದ್ದದ್ದು ಅದೊಂದೇ ಗಾಡಿ; ನಮ್ಮ ಶೆಡ್ಡಿನಲ್ಲಿದ್ದ ಎಂಜಿನ್ನೋ ಓಡುವ ಸ್ಥಿತಿಯಲ್ಲಿರಲಿಲ್ಲ. ತಂದೆಯ ಮಾತನ್ನೇ ನಾನೂ ಹೇಳಿದೆ: ಓಡ್ತಾ ಇದೆಯಲ್ಲ, ಬಿಡಿ.

ಸಂಗ್ರಹಕಾರರಿಗೆ ಫೋನು ಮಾಡಿ, ಎಂಜಿನ್ನು ಕಳವಿನದಲ್ಲವೆಂದು ಎಲ್ಲವನ್ನೂ ಹೇಳಿದೆ. ಸಮಾಧಾನದಿಂದಲೇ ಕೇಳಿದರು. ತಪ್ಪು ತಿಳಿದುಕೊಂಡೆ, ಕ್ಷಮಿಸಿ ಎಂದೂ ಅಂದರು. "ಆದರೆ ನಂಬರ್ ತಾಳೆಯಾಗಲ್ವಲ್ಲ ಸಾರ್!" ಅವರ ಲೆಕ್ಕವೂ ತಪ್ಪಲ್ಲ. ನಂಬರು ನೋಡದೆ ಒರಿಜಿನಲ್ಲನ್ನು ಪತ್ತೆ ಮಾಡುವುದಾದರೂ ಹೇಗೆ?

ಆಮೇಲೆ ಅವರಿಗೆ ಉಡಿಗಾಲದಲ್ಲಿ ಅಂಥದೇ ಗಾಡಿ ಸಿಕ್ಕಿತು. ಎಂಜಿನ್ನು, ಚಾಸಿ, ಪುಸ್ತಕ ಮೂರೂ ಒಂದೇ. ಮೈಸೂರಿನಲ್ಲಿ ಅದಕ್ಕೊಂದು ಪ್ರತ್ಯೇಕ ಕೋಣೆ ಮಾಡಿದ್ದಾರಂತೆ. ಸವೆದೀತೆಂದು ಸ್ಟಾರ್ಟ್ ಮಾಡುವುದಿಲ್ಲವಂತೆ.

ನಮ್ಮದನ್ನು ಶೆಡ್ಡಿನಿಂದ ಈಚೆ ತೆಗೆಸಿ ರಿಪೇರಿ ಮಾಡಿಸಿದ್ದೇನೆ. ಒಮ್ಮೊಮ್ಮೆ ಹರದನಹಳ್ಳಿಗೆ ಹೋಗಿಬರುತ್ತೇನೆ. ಸ್ವಲ್ಪ ಹೊಗೆ ಉಗುಳುತ್ತದೆ, ಅಷ್ಟೆ.