ಬಿರಡೆ ಕೆಟ್ಟಿದೆ ಅಂದೆ

ಯುದ್ಧದ ಕಾಲ. ವಿಸ್ಕಿ ಸಿಗುತ್ತಿರಲಿಲ್ಲ. ಸಿಕ್ಕವರು ಬಚ್ಚಿಟ್ಟುಕೊಂಡು, ಭಾನುವಾರ ಮಧ್ಯಾಹ್ನ ನೆಂಟರ ಮುಂದೆ ತೆಗೆದು ಜಂಭ ಕೊಚ್ಚುತ್ತಿದ್ದರು. ನಮ್ಮ ಯಜಮಾನರಿಗೂ ಅದೇ ಹುಚ್ಚು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಅವರ ಎಸ್ಟೇಟು. ನನ್ನ ಅಣ್ಣ ಅವರ ಬಂಗಲೆಯಲ್ಲಿ ಬಟ್ಲರ್. ವಿಸ್ಕಿ ಬೀರುವಿನ ಕೀ ಅವನ ಸೊಂಟದಲ್ಲಿರುತ್ತಿತ್ತು.

ನನ್ನ ಕೆಲಸ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ. ಸಿಪ್ಪೆ ಸುಲಿದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಲೋಳೆ ಬಿಟ್ಟ ಕೂಡಲೇ ತೊಳೆಯಬೇಕು. ತಡವಾದರೆ ಬೀಜ ನಾರುತ್ತದೆ, ಇಡೀ ತೊಟ್ಟಿ ಹಾಳು. ತೋಟದ ಲೆಕ್ಕ ಬರೆಯುವ ರೈಟರ್ ಗಡಿಯಾರ ನೋಡುತ್ತಿದ್ದರು. ನಾನು ಮೂಸಿ ಹೇಳುತ್ತಿದ್ದೆ. ನಾನು ಹೇಳಿದ್ದೇ ಸರಿ ಇರುತ್ತಿತ್ತು. ಅದು ಯಜಮಾನರ ಕಿವಿಗೆ ಬಿತ್ತು.

ಕೊಯ್ಲಿನ ಒಂದು ಭಾನುವಾರ ಊಟವಾದ ಮೇಲೆ ಬಂಗಲೆಗೆ ಕರೆಸಿದರು. ಜಗಲಿಯಲ್ಲಿ ಮೂರು ಜನ: ಯಜಮಾನರು, ಆಲ್ದೂರಿನಿಂದ ಬಂದ ಅವರ ಭಾವ, ಪಕ್ಕದ ತೋಟದ ಬಿಳಿ ದೊರೆ. ಮೇಜಿನ ಮೇಲೆ ಟವೆಲ್ ಸುತ್ತಿದ ಮೂರು ಬಾಟಲಿ. ಒಂದು ದೊರೆಯ ಸ್ಕಾಚ್. ಒಂದು ಮಿಲಿಟರಿಯವರಿಂದ ದೊರೆಗೆ ಸಿಕ್ಕಿದ ಅಮೇರಿಕಾದ ಬರ್ಬನ್ ವಿಸ್ಕಿ. ಇನ್ನೊಂದು ಯಜಮಾನರದೇ ಸ್ಕಾಚ್. ಯಾವುದು ಯಾವುದೆಂದು ಕುಡಿದು ಹೇಳುವ ಪಂದ್ಯ. ಅಣ್ಣ ಟ್ರೇ ಹಿಡಿದು ಹಿಂದೆ ನಿಂತಿದ್ದ.

ಮೂರನೇ ಗ್ಲಾಸಿಗೆ ಜಗಳ ಹತ್ತಿತ್ತು.

"ಇದು ಅಮೇರಿಕಾದು. ಸಿಹಿ ಇದೆ," ಅಂದರು ದೊರೆ.

"ಸಿಹಿ ಎಂತದು ಮಾರಾಯ್ರೆ, ಗಂಟಲು ಕೆರೀತದೆ," ಅಂದರು ಭಾವ. "ನಮ್ಮ ಭಾವಂದೇ ಇದು. ಬೆಲೆ ಮಾತ್ರ ಮೇಲೆ, ಮಾಲು ಕೆಳಗೆ."

"ನನ್ನ ಬಾಟ್ಲಿ ನಂಗೆ ಗೊತ್ತಿಲ್ವ? ಹೋದ ತಿಂಗ್ಳು ಹೀಗಿರ್ಲಿಲ್ಲ," ಅಂದರು ಯಜಮಾನರು. ಅವರು ನಗುತ್ತಿರಲಿಲ್ಲ. "ಯಾರಾದ್ರೂ ಕೈ ಹಾಕಿದ್ರೆ ಇವತ್ತೇ ಗೊತ್ತಾಗ್ಬೇಕು. ಬಾರಾ ಇಲ್ಲಿ. ಮೂಸಿ ಹೇಳು."

ತೊಟ್ಟಿಯ ಲೋಳೆ ಹತ್ತಿದ ಕೈಯಲ್ಲಿ ಆ ಗ್ಲಾಸನ್ನು ನಾನು ಮುಟ್ಟುವ ಹಾಗಿರಲಿಲ್ಲ. ಮೂರನ್ನೂ ಮೆಟ್ಟಿಲ ಮೇಲೆ ಇಟ್ಟರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿದೆ. ಮೊದಲನೆಯದು ಹಸಿ ಸೌದೆಯ ಹೊಗೆ. ಎರಡನೆಯದು ಸುಟ್ಟ ಮರ, ಅದರೊಳಗೆ ಕಳಿತ ಬಾಳೆಹಣ್ಣು. ಮೂರನೆಯದಕ್ಕೆ ಬಗ್ಗಿದೆ. ಹೊಗೆಯ ಕೆಳಗೆ ಸಾರಾಯಿ ಇತ್ತು, ಕರಟಿದ ಬೆಲ್ಲ ಇತ್ತು. ವಾರದ ಹಿಂದೆ ಅಣ್ಣ ಆಳುಗಳ ಲೈನ್ ಮನೆಯಲ್ಲಿ ಕಬ್ಬಿಣದ ಸೌಟಿನಲ್ಲಿ ಬೆಲ್ಲ ಕರಟಿಸುತ್ತಿದ್ದ. ಕೇಳಿದ್ದಕ್ಕೆ ಕೆಮ್ಮಿನ ಮದ್ದು ಅಂದಿದ್ದ. ಯಜಮಾನರ ಬಾಟಲಿಯಲ್ಲಿ ತಾನು ಕುಡಿದಷ್ಟಕ್ಕೆ ಸಾರಾಯಿ ತುಂಬಿಸಿ, ಬೆಲ್ಲದಿಂದ ಬಣ್ಣ ಕಟ್ಟಿದ್ದ.

ಹಿಂದಿನ ಅಡುಗೆಯವನು ಸಕ್ಕರೆ ಕದ್ದ ಅಂತ ತಿಳಿದ ಸಂಜೆಯೇ ಯಜಮಾನರು ಅವನ ಪಾತ್ರೆ ಪಡಗ ರಸ್ತೆಗೆ ಎಸೆಸಿದ್ದರು. ಹೆಂಡತಿ ಮಕ್ಕಳು ನಡೆದೇ ಹೋದರು. ಅತ್ತಿಗೆ ಹೆತ್ತು ಹನ್ನೊಂದು ದಿನವಾಗಿತ್ತು.

ಹಿಂದೆ ಟ್ರೇ ಮೇಲೆ ಸೋಡಾ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಎಲ್ಲ ಮುಗಿಯುತ್ತಿತ್ತು.

"ಏನಾ, ಮೂಗಿಗೂ ಅಮಲು ಹತ್ತಿತ?" ಅಂದರು ಭಾವ.

"ಬಿರಡೆ ಕೆಟ್ಟಿದೆ ಅಯ್ಯ," ಅಂದೆ. "ಮಳೆಗಾಲದ ಬೂಸಲು ಒಳಗಿಳಿದಿದೆ."

ಯಜಮಾನರು ಬಿರಡೆ ತಗೊಂಡು ಮೂಸಿದರು. ದೊರೆ ಮೂಸಿದರು, ತಲೆ ಆಡಿಸಿದರು. ಭಾವ ಮೂಸಿ, "ನಾನು ಬಾಯಿಗಿಟ್ಟಾಗ್ಲೇ ಅಂದ್ಕಂಡೆ, ಬೂಸ್ಲೇ ಅಂತ," ಅಂದರು. ಆಮೇಲೆ ಮೂವರಿಗೂ ಅದರಲ್ಲಿ ಬೂಸಲಿನ ರುಚಿಯೇ ಹತ್ತಿತು.

ಯಜಮಾನರು ಅಣ್ಣನ ಕಡೆ ತಿರುಗಿದರು. "ಬಿರಡೆ ಕೆಟ್ಟಿದ್ದೂ ಗೊತ್ತಾಗ್ದವನ ಹತ್ರ ಕೀ ಎಂತಕೆ? ತಮ್ಮಂಗೆ ಕೊಡು."

ಅಣ್ಣ ಕೊಟ್ಟ.

ಸಂಜೆ ಅವನು ನನ್ನ ಬಾಗಿಲಿಗೆ ಬಂದ. ಕಾಲಿಗೆ ಬೀಳುತ್ತಾನೆ ಅಂದುಕೊಂಡಿದ್ದೆ.

"ಉಳಿಸ್ದೆ. ಸರಿ. ಈಗ ಕೀ ಕೊಡು," ಅಂದ.

"ಮತ್ತೆ ಕುಡಿಯಕ?"

"ನಂಗೆ ದಿನಾ ಸ್ವಲ್ಪ ಬೇಕು ಮಾರಾಯ. ಇಲ್ದಿದ್ರೆ ಕೈ ನಡುಗ್ತದೆ."

"ಕೊಡಲ್ಲ."

ಅವನು ಸಿಟ್ಟಾಗಲಿಲ್ಲ. ಮೆತ್ತಗೆ ಹೇಳಿದ: "ನಾನು ಹೋದ್ರೆ ಒಬ್ನೇ ಹೋಗಲ್ಲ. ಅವ್ರ ಮುಖಕ್ಕೇ ಸುಳ್ಳು ಹೇಳ್ದವ ನೀನು."

ಅಲ್ಲಿಯವರೆಗೆ ಅವನಿಗಾಗಿ ಹೆದರಿದ್ದೆ. ಈಗ ಅವನಿಗೇ ಹೆದರಿದೆ. ಮಾರನೇ ಬೆಳಿಗ್ಗೆ ತೊಟ್ಟಿಗೆ ಮೂಗಿಟ್ಟರೆ ವಾಸನೆಯೇ ಹತ್ತಲಿಲ್ಲ. ಕೈ ತೊಳೆದು ಸೀದಾ ಬಂಗಲೆಗೆ ಹೋದೆ. ಯಜಮಾನರು ಕಾಫಿ ಕುಡಿಯುತ್ತಿದ್ದರು.

"ತೊಟ್ಟಿ ಬಿಟ್ಟು ಬರಕ್ಕಾಗಲ್ಲ ಅಯ್ಯ. ಕೀ ನೀವೇ ಇಟ್ಕಳಿ," ಅಂದೆ.

ಅವರು ತಗೊಳ್ಳಲಿಲ್ಲ. ನನ್ನನ್ನೇ ನೋಡಿದರು. ಒಳಗೆ ಅಣ್ಣ ಪಾತ್ರೆ ಉಜ್ಜುತ್ತಿದ್ದವನು ನಿಲ್ಲಿಸಿದ.

"ಬಿರಡೆನೇ ಹೌದ?"

"ಹೌದಯ್ಯ."

"ಸರಿ. ಮೇಜಿನ ಮೇಲೆ ಇಟ್ಟು ಹೋಗು."

ಇಟ್ಟು ಬಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಕೀ ಅವರ ಕೋಟಿನಲ್ಲೇ ಉಳಿಯಿತು. ಅಣ್ಣ ಕೆಲಸದಲ್ಲಿ ಉಳಿದ, ನನ್ನ ಹತ್ತಿರ ಮಾತು ಬಿಟ್ಟ. ಭಾನುವಾರದ ಪಂದ್ಯ ಮುಂದೆಯೂ ನಡೆಯಿತು. ನನ್ನನ್ನು ಮಾತ್ರ ಅವರು ಮತ್ತೆ ಕರೆಯಲಿಲ್ಲ.