ಬೋಣಿಗೆ ಬಂದ ಪಾವಗಡದ ಅಜ್ಜಿ

ಮಗಳು ಯಾವ ಡಿಗ್ರಿ ಓದಬೇಕೆಂದು ತೀರ್ಮಾನಿಸಲು ನನಗೆ ತಗುಲಿದ ಖರ್ಚು ಒಂದು ಕಂಬಳಿ, ಅದೂ ಅಸಲಿಗಿಂತ ಕಮ್ಮಿಗೆ ಕೊಟ್ಟಿದ್ದು. ಶಿರಾದಲ್ಲಿ ನನ್ನದು ಕಂಬಳಿ ಅಂಗಡಿ. ಪಿಯುಸಿ ಮುಗಿಸಿದ ಅವಳಿಗೆ ನಾಟಕದ ಡಿಗ್ರಿಯ ಹುಚ್ಚು, ನನಗೆ ಬಿ.ಕಾಂ. ಹಟ. ಮನೆಯಲ್ಲಿ ಮಾತೇ ನಿಂತಿತ್ತು.

ಅವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಲೇ, ತಲೆ ತುಂಬ ಸೆರಗು ಹೊದ್ದ ಅಜ್ಜಿಯೊಬ್ಬಳು ಎಲೆಅಡಿಕೆ ಜಗಿಯುತ್ತಾ ಬಂದಳು. ಮಾತು ಪಾವಗಡದ ಕಡೆಯದು.

"ಇದೇಂ ರೇಟು ನಾಯನಾ! ಬೋಣಿಗೆ ಬಂದೋಳ್ನ ಬರಿಗೈಲಿ ಕಳಿಸ್ತೀಯಾ?"

ದಿನದ ಮೊದಲ ಗಿರಾಕಿಯನ್ನು ನಾನು ಯಾವತ್ತೂ ಹಾಗೆ ಕಳಿಸಿದವನಲ್ಲ. ಹಲ್ಲು ಕಚ್ಚಿಕೊಂಡು ಅವಳು ಕೇಳಿದ ಬೆಲೆಗೇ ಕೊಟ್ಟೆ. ಅಜ್ಜಿ ಸೆರಗು ಸರಿಸಿದಳು. ನೋಡಿದರೆ ನನ್ನ ಮಗಳು!

"ವ್ಯಾಪಾರ ನಿನ್ನತ್ರಾನೇ ಕಲ್ತ್‌ಬುಟ್ಟಿದೀನಿ ಕಣಪ್ಪ. ಅದಕ್ಕೆ ಇನ್ನೊಂದ್ಸಲ ಫೀಸ್ ಯಾಕ್ ಕಟ್ತೀಯಾ?"

ನಕ್ಕು ನಕ್ಕು ಕಂಬಳಿ ರಾಶಿಯ ಮೇಲೇ ಬಿದ್ದುಬಿಟ್ಟೆ. ಅವತ್ತೇ ನಾಟಕದ ಡಿಗ್ರಿಗೆ ಅರ್ಜಿ ಹಾಕಿಸಿದೆ.

ನಿಮ್ಮ ಮನೆಯಲ್ಲೂ ಈ ಜಗಳವಿದ್ದರೆ ಕೇಳಿ: ಮನೆಯಲ್ಲೇ ಪುಕ್ಕಟೆ ಸಿಗುವ ವಿದ್ಯೆಗೆ ಕಾಲೇಜಿನಲ್ಲಿ ದುಡ್ಡು ಸುರಿಯಬೇಡಿ. ನಿಮ್ಮಿಂದ ಕಲಿಸಲಾಗದ್ದಕ್ಕೆ ಫೀಸು ಕಟ್ಟಿ. ರಜೆಯಲ್ಲಿ ಮಾತ್ರ ಮಕ್ಕಳನ್ನು ಗಲ್ಲಾಪೆಟ್ಟಿಗೆ ಮುಂದೆ ಕೂರಿಸಿ, ಬಿ.ಕಾಂ. ಅಲ್ಲೇ ಆಗುತ್ತದೆ.