ಮುನಿವೆಂಕಟಯ್ಯನ ಮುದ್ದೆ ಹೂ

ನಮ್ಮ ಚಿಕ್ಕಪ್ಪ ಮುನಿವೆಂಕಟಯ್ಯ ಜಿಪುಣನಲ್ಲ. ಕೇಳಿದವರಿಗೆ ರಾಗಿ ಕೊಡೋನು, ಹುಲ್ಲು ಕೊಡೋನು. ಹೂ ಮಾತ್ರ ಗಿಡದ ಮೇಲೇ ಇರಬೇಕು ಅನ್ನೋದೊಂದು ಹುಚ್ಚು. ಮತ್ತಿಕೆರೆಯಲ್ಲಿ ಇಂಥ ಹುಚ್ಚು ಇಟ್ಟುಕೊಂಡು ಬದುಕೋಕಾಗುತ್ತಾ? ಕೋಳಿ ಕೂಗೋ ಮುಂಚೆ ಬೀದಿಯವರೆಲ್ಲ ಬುಟ್ಟಿ ಹಿಡಿದು ಬಂದು ಅವನ ದಾಸವಾಳ, ಕಣಗಿಲೆ ಬೋಳಿಸಿಕೊಂಡು ಹೋಗೋರು. ದೇವರಿಗೆ ಕಿತ್ತರೆ ಕಳ್ಳತನ ಅಲ್ಲವಂತೆ. ಬೈದರೆ ಬೈದವನಿಗೇ ಪಾಪ.

ಐವತ್ತೆಂಟನೇ ಇಸವಿಯಲ್ಲಿ ಯಲಹಂಕದ ಒಂದು ಬಂಗಲೆಯಿಂದ ಹೈಡ್ರಾಂಜಿಯ ಅನ್ನೋ ಹೂಗಿಡದ ಕಡ್ಡಿ ತಂದ. ವಾಸನೆಯಿಲ್ಲ, ಮಾಲೆ ಕಟ್ಟೋಕೆ ಬರಲ್ಲ, ಮುಡಿದರೆ ತುರುಬೇ ಜಾರುತ್ತೆ, ಯಾವ ದೇವರಿಗೂ ಬೇಡ. ಅದಕ್ಕೇ ತಂದಿದ್ದು. ಬಚ್ಚಲುಮನೆ ಹಿಂದಿನ ನೆರಳಲ್ಲಿ ನೆಟ್ಟು, ಎಲೆಗೊಬ್ಬರ ಹಾಕಿ, ಬಿಸಿಲು ಜೋರಾದರೆ ಗೋಣಿ ಕಟ್ಟಿ ಸಾಕಿದ. ಎರಡನೇ ಮಳೆಗಾಲಕ್ಕೆ ರಾಗಿಮುದ್ದೆ ಗಾತ್ರದ ನೀಲಿ ಗೊಂಚಲು ಬಿಟ್ಟವು. ಬೀದಿಯವರು ಮುದ್ದೆ ಹೂ ಅಂತ ನಕ್ಕು ಹೋದರು. ಚಿಕ್ಕಪ್ಪ ಮಣೆ ಹಾಕಿಕೊಂಡು ಅದರ ಮುಂದೆ ಕೂತ. ಈ ಹೂ ಗಿಡದಲ್ಲೇ ಬಣ್ಣ ತಿರುಗಿ ಹಸಿರಾಗುತ್ತೆ ಅಂತ ಬಂಗಲೆಯವರು ಹೇಳಿದ್ದರು. ಒಂದು ಹೂ ಮುದಿಯಾಗೋದನ್ನ ಕಣ್ಣಾರೆ ನೋಡಬೇಕು, ಅಷ್ಟೇ ಅವನ ಆಸೆ.

ಅಷ್ಟರಲ್ಲಿ ಟೈಫಾಯಿಡ್ ಬಂತು. ಡಾಕ್ಟರು ಕೈಚೆಲ್ಲಿದರು. ಚಿಕ್ಕಮ್ಮ ಮುನಿಕೃಷ್ಣಮ್ಮ ಊರಮ್ಮನ ಗುಡಿಗೆ ಹೋಗಿ, ಗಂಡ ಎದ್ದು ಕೂತರೆ ಆ ಗಿಡದ ಹೂವೆಲ್ಲ ವರ್ಷವರ್ಷವೂ ನಿನಗೇ ಅಂತ ಹರಕೆ ಹೊತ್ತು ಬಂದಳು. ಚಿಕ್ಕಪ್ಪ ಎದ್ದು ಕೂತ. ಗಂಜಿ ಕುಡೀತಾ ವಿಷಯ ಕೇಳಿ ಬಟ್ಟಲು ಕೆಳಗಿಟ್ಟ.

"ನಿನ್ ಬಳೆ ಇರ್ಲಿಲ್ವೇನೇ ಹೇಳ್ಕೊಳ್ಳಕ್ಕೆ?"

"ಬಳೆ ಕೊಡ್ತೀನಿ ಅಂದ್ರೆ ಅಮ್ಮ ಒಪ್ತಾಳಾ? ನಿಮ್ ಪ್ರಾಣ ಎಲ್ಲೈತೆ ಅಂತ ಅವ್ಳಿಗೂ ಗೊತ್ತು, ನಂಗೂ ಗೊತ್ತು."

ಚಿಕ್ಕಪ್ಪ ಮೆಲ್ಲಗೆ ಎದ್ದ. ಗೋಡೆ ಹಿಡಿದುಕೊಂಡು ಹೋಗಿ ತಾನೇ ಕೊಯ್ದ. ಕೊಯ್ಯುವಾಗ ಅತ್ತ.

ಪೂಜಾರಿ ಗೊಂಚಲುಗಳನ್ನ ಅಮ್ಮನ ಸುತ್ತ ಜೋಡಿಸಿದ. ಊರೇ ನೋಡಿತು. ಅಲ್ಲಿಗೆ ಮುದ್ದೆ ಹೂವಿಗೆ ಮಡಿ ಬಂತು ನೋಡಿ. ಮುಂದಿನ ಮಳೆಗಾಲ ಗಿಡ ಅರಳಿದ್ದೇ ತಡ, ಬುಟ್ಟಿಗಳು ಬಾಗಿಲಿಗೆ ಬಂದವು. ಎಲ್ಲರಿಗಿಂತ ಮುಂದೆ ಪಕ್ಕದ ಮನೆ ದೊಡ್ಡಮುನಿಯಮ್ಮ.

ಚಿಕ್ಕಮ್ಮ ಸೊಂಟಕ್ಕೆ ಸೆರಗು ಬಿಗಿದು ಅಡ್ಡ ನಿಂತಳು. "ಅಮ್ಮನ ಹೂವು. ಮುಟ್ಟಿದ್ರೆ ನಾನು ಜವಾಬ್ದಾರಳಲ್ಲ." ದೇವರಿಗೆ ಕೀಳುವವರು ದೇವರ ಹೂ ಹೇಗೆ ಕಿತ್ತಾರು? ಬುಟ್ಟಿಗಳು ವಾಪಸ್ಸು ಹೋದವು.

ಆದರೆ ಇವಳೂ ಕೊಯ್ಯಲಿಲ್ಲ. ಈ ಶುಕ್ರವಾರ ಮೈಲಿಗೆ ಅಂದಳು, ಮುಂದಿನ ಶುಕ್ರವಾರ ಮಳೆ ಅಂದಳು, ಆಮೇಲೆ ತಂಗಿ ಮನೆ ಕಾರ್ಯ ಅಂದಳು. ಚಿಕ್ಕಪ್ಪ ಮಣೆ ಬಿಟ್ಟು ಏಳದೆ ಕೂತೇ ಇದ್ದ. ನೀಲಿ ಬಿಳಚಿತು, ಅಂಚು ಹಸಿರಾಯಿತು, ಕೊನೆಗೆ ಗೊಂಚಲೆಲ್ಲ ಹಸಿರು.

ಅವತ್ತು ಚಿಕ್ಕಮ್ಮ ಕುಡುಗೋಲು ತಂದು ಅವನ ಕೈಗಿಟ್ಟಳು.

"ನೋಡಿದ್ದಾಯ್ತಾ? ಈಗ ಕೊಯ್ಕೊಡಿ. ಹೂವು ಕೊಡ್ತೀನಿ ಅಂತ ಹೇಳ್ಕಂಡಿದ್ದೆ, ಎಳೇದು ಅಂತೇನೂ ಅಂದಿರ್ಲಿಲ್ಲ."